ಎಡಗಡೆಯಿಂದ ಬರುವ ಚೆಂಡು

ಅವತ್ತು ನಾನು ಹನ್ನೊಂದು ನಿಮಿಷ ಮಾತಾಡಿದ್ದೆ. ಅದರಲ್ಲಿ ಮೊಮ್ಮಗನ ಸುದ್ದಿ ಬಂದದ್ದು ಬರೀ ಒಂಬತ್ತು ಸೆಕೆಂಡು. ಆ ಒಂಬತ್ತು ಸೆಕೆಂಡು ಬಾಯಿ ಮುಚ್ಚಿಕೊಂಡಿದ್ದರೆ ಒಳ್ಳೆಯದಾಗುತ್ತಿತ್ತೋ ಕೆಟ್ಟದಾಗುತ್ತಿತ್ತೋ ನನಗೆ ಗೊತ್ತಿಲ್ಲ. ಗೊತ್ತಿರುವುದು ಇಷ್ಟು. ಆ ದಿನದಿಂದ ಇವತ್ತಿನವರೆಗೆ, ಹುಬ್ಬಳ್ಳಿಯ ಈ ಕಣ್ಣಾಸ್ಪತ್ರೆಯ ಬೆಂಚಿನವರೆಗೆ, ನಾನು ಹೆದರಿಕೊಂಡೇ ಇದ್ದೇನೆ. ಎಪ್ಪತ್ತೆರಡು ವರ್ಷದ ಮುದುಕ, ನಲವತ್ತು ವರ್ಷ ಸಮುದ್ರ ನೋಡಿದವನು, ಹೆದರಿದೆ ಅಂತ ಹೇಳಲು ನನಗೇನೂ ನಾಚಿಕೆ ಇಲ್ಲ.

ಫೋನಿನ ಗುಂಪಿನಲ್ಲಿ ನನ್ನ ದನಿ ಕೇಳುವ ನಾಲ್ಕುನೂರು ಜನರಿಗೆ ನಾನು ಯಾರೆಂದು ಗೊತ್ತು. ಗೊತ್ತಿಲ್ಲದವರಿಗೆ ಹೇಳುತ್ತೇನೆ. ನಾನು ದುರ್ಗಪ್ಪ, ಅಂಕೋಲೆಯ ಕೇಣಿಯವನು. ನಮ್ಮ ಕಡೆಯ ಕಾಲೇಜುಗಳ ಫುಟ್‌ಬಾಲಿನಲ್ಲಿ ವರ್ಷದ ಕೊನೆಗೆ ಯಾರು ಎಷ್ಟನೇ ನಂಬರು, ಯಾರಿಗೆ ಯಾರು ಎದುರು ಅಂತ ಮುಂಚೆಯೇ ಹೇಳುವವನು. ಒಂಬತ್ತು ವರ್ಷದಲ್ಲಿ ಎರಡೇ ಸಲ ತಪ್ಪಿದ್ದೇನೆ. ಎರಡೂ ಸಲ ಮಳೆಯ ತಪ್ಪು.

ಈ ಆಟದ ಪದ್ಧತಿ ಸ್ವಲ್ಪ ಬೇರೆ. ಕಾರವಾರ, ಅಂಕೋಲೆ ಎಲ್ಲ ಸೇರಿ ಎಂಟು ಕಾಲೇಜು. ಎಲ್ಲರೂ ಎಲ್ಲರ ಜೊತೆ ಆಡುವುದಿಲ್ಲ, ಅಷ್ಟು ದಿನ ಸಿಗುವುದಿಲ್ಲ. ಡಿಸೆಂಬರ್ ಮುಗಿಯುವಾಗ ನಾಲ್ಕು ಜನರ ಸಮಿತಿ ಕೂತು ಒಂದರಿಂದ ಎಂಟರವರೆಗೆ ನಂಬರು ಕೊಡುತ್ತದೆ. ಒಂದು, ಎರಡನೇ ನಂಬರಿನವರು ಕಾರವಾರದ ಮೈದಾನದಲ್ಲಿ ದೊಡ್ಡ ಶೀಲ್ಡಿಗೆ ಆಡುತ್ತಾರೆ. ಮೂರು, ನಾಲ್ಕನೇ ನಂಬರಿನವರು ಅಂಕೋಲೆಯಲ್ಲಿ ಚಿಕ್ಕ ಶೀಲ್ಡಿಗೆ. ಅಂದರೆ ಗೆದ್ದರೆ ಸಾಲದು, ಸಮಿತಿಯವರ ಕಣ್ಣಿಗೂ ಬೀಳಬೇಕು. ಹಾಗಾಗಿ ಡಿಸೆಂಬರಿನಲ್ಲಿ ಮೀನು ಪೇಟೆಯಲ್ಲೂ ಬಸ್ ಸ್ಟ್ಯಾಂಡಿನಲ್ಲೂ ಇದೇ ಮಾತು. ಯಾರು ಮೂರು, ಯಾರು ನಾಲ್ಕು. ಆಮೇಲೆ ಎಲ್ಲರೂ ಫೋನು ಕಿವಿಗೆ ಹಚ್ಚಿಕೊಂಡು ದುರ್ಗಪ್ಪ ಎಂತ ಹೇಳುತ್ತಾನೆ ಅಂತ ಕಾಯುವುದು.

ನನಗೆ ಈ ವಿದ್ಯೆ ಬಂದದ್ದು ಗುಡ್ಡದಿಂದ. ಸಣ್ಣ ಪ್ರಾಯದಿಂದಲೂ ನಾನು, ಹಿಂಡಿನ ಸುತ್ತ ಹರಡಿ ದಡಕ್ಕೆ ಎಳೆಯುವ ರಂಪಣಿ ಬಲೆಯವರಿಗೆ ಗುಡ್ಡದ ಮೇಲೆ ನಿಂತು ಮೀನು ನೋಡಿಕೊಡುವವನು. ದೋಣಿಯಲ್ಲಿ ಇದ್ದವರಿಗೆ ಬಂಗಡೆಯ ಹಿಂಡು ಕಾಣುವುದಿಲ್ಲ, ನೀರಿನ ಮಟ್ಟದಲ್ಲಿ ಇರುತ್ತಾರಲ್ಲ. ಮೇಲಿನಿಂದ ನೋಡಿದರೆ ಮೋಡದ ನೆರಳು ಬಿದ್ದ ಹಾಗೆ ನೀರು ಕಪ್ಪಾಗಿ ಕಾಣುತ್ತದೆ. ಅದು ಎತ್ತ ತಿರುಗುತ್ತದೆ, ಎಲ್ಲಿ ಒಡೆಯುತ್ತದೆ ಅಂತ ನೋಡಿ ಕೆಂಪು ಪಂಚೆ ಬೀಸಬೇಕು. ಎಡಗೈಯಲ್ಲಿ ಎತ್ತಿದರೆ ದೋಣಿ ಎಡಕ್ಕೆ, ಬಲಗೈಯಲ್ಲಿ ಎತ್ತಿದರೆ ಬಲಕ್ಕೆ. ತಲೆಯ ಮೇಲೆ ಎರಡೂ ಕೈಯಿಂದ ಅಡ್ಡಡ್ಡ ಬೀಸಿದರೆ ಬಿಡು ಅಂತ ಅರ್ಥ. ಕೆಳಗೆ ಬಂಡೆ ಇರಬಹುದು, ಸೆಳೆತ ಇರಬಹುದು, ಅದು ದೋಣಿಯವರ ವಿಚಾರವಲ್ಲ. ಪಂಚೆ ಅಡ್ಡ ಬೀಸಿತೋ, ಕೈಯಲ್ಲಿದ್ದ ಹಗ್ಗ ಬಿಡಬೇಕು. ಯಾಕೆ ಅಂತ ದಡಕ್ಕೆ ಬಂದ ಮೇಲೆ ಕೇಳಬೇಕು.

ಒಂದು ಕಟ್ಟುನಿಟ್ಟು ಇತ್ತು. ಗುಡ್ಡದ ಮೇಲಿನವನು ಬಾಯಿ ಬಿಡಬಾರದು. ದನಿ ನೀರಿನ ಮೇಲೆ ದೂರ ಹೋಗುತ್ತದೆ, ಪಕ್ಕದ ಊರಿನ ದೋಣಿಗೂ ಕೇಳುತ್ತದೆ. ನಮ್ಮ ಹಿಂಡು ಎಲ್ಲಿದೆ ಅಂತ ನಾವೇ ಅವರಿಗೆ ಹೇಳಿಕೊಟ್ಟ ಹಾಗೆ ಆಗುತ್ತದೆ. ಇಷ್ಟು ವರ್ಷ ಬಾಯಿ ಮುಚ್ಚಿ ಪಂಚೆ ಬೀಸಿದವನಿಗೆ ಮುದಿತನದಲ್ಲಿ ಒಂದು ಫೋನು ಸಿಕ್ಕಿತು. ಮುಚ್ಚಿಟ್ಟ ಮಾತೆಲ್ಲ ಒಮ್ಮೆಲೇ ಹೊರಗೆ ಬಂತು ಅಂತ ಕಾಣುತ್ತದೆ.

ಆ ದಿನ ಹೇಳಿದ್ದು ಹೀಗೆ. ಕಾರವಾರದ ಬಂದರು ಕಡೆಯ ಕಾಲೇಜು ಮೂರನೇ ನಂಬರು, ನಮ್ಮ ಅಂಕೋಲೆಯವರು ನಾಲ್ಕು. ಚಿಕ್ಕ ಶೀಲ್ಡಿಗೆ ಇವರಿಬ್ಬರೇ ಎದುರುಬದುರು. ಗೆಲ್ಲುವುದು ಕಾರವಾರ, ಒಂದು ಗೋಲು. ಯಾಕೆ ಅಂತ ಹೇಳದಿದ್ದರೆ ನಾನು ದುರ್ಗಪ್ಪನೇ ಅಲ್ಲವಲ್ಲ, ಅದನ್ನೂ ಹೇಳಿದೆ.

"ಅಂಕೋಲೆಯವರ ಬ್ಯಾಕ್ ಇದ್ದಾನಲ್ಲ, ನನ್ನ ಮೊಮ್ಮಗನೇ. ಎಡಭುಜದ ಮೇಲಿಂದ ಚೆಂಡು ಬಂದ್ರೆ ಅವಂಗೆ ಕಾಣೂದೇ ಇಲ್ಲ. ಅಲ್ಲೇ ಹಾಕ್ರೋ, ಗೋಲು ಆಗ್ತದೆ."

ಆಲಸ್ಯ ಅಂದುಕೊಂಡಿದ್ದೆ ನಾನು. ಎರಡು ಪಂದ್ಯದಲ್ಲಿ ನೋಡಿದ್ದೆ, ಎಡಗಡೆಯ ಚೆಂಡಿಗೆ ಅವನು ಅರ್ಧ ಹೆಜ್ಜೆ ತಡ. ಹುಡುಗ ಸೊಕ್ಕಿದ್ದಾನೆ, ನಾಲ್ಕು ಜನ ಕೇಳುವ ಹಾಗೆ ಬೈದರೆ ಸರಿಯಾಗುತ್ತಾನೆ ಅಂತ ಲೆಕ್ಕ ಹಾಕಿದೆ.

ಸಂಜೆ ಮೊಮ್ಮಗ ಕಿಶನ ಮನೆಗೆ ಬಂದ. ಬೂಟು ಬಿಚ್ಚಲಿಲ್ಲ. ಸೀದಾ ನನ್ನ ಎದುರು ನಿಂತ.

"ಅಜ್ಜಾ, ಯಾರು ಹೇಳಿದ್ರು ನಿಂಗೆ?"

"ಎಂತದು?"

"ನಂಗೆ ಎಡಗಡೆ ಕಾಣೂದಿಲ್ಲ ಅಂತ. ಯಾರು ಹೇಳಿದ್ರು?"

ನಾನು ನಗಾಡಿದೆ. "ನಿನ್ನ ಕಾಲೇ ಹೇಳ್ತು ಮಾರಾಯಾ. ಅರ್ಧ ಹೆಜ್ಜೆ ತಡ."

ಅವನು ನಗಲಿಲ್ಲ. ಒಳಗೆ ಅವನ ತಾಯಿ ಮಂಗಲಾ ಪೇಟೆಯಿಂದ ಬಂದು ಮೀನಿನ ಬುಟ್ಟಿ ತೊಳೆಯುತ್ತಿದ್ದಳು. ಅವನು ಬಾಗಿಲು ಅಡ್ಡ ಮಾಡಿ ಮೆಲ್ಲಗೆ ಹೇಳಿದ. ನವೆಂಬರಿನ ಪಂದ್ಯದಲ್ಲಿ ಗೋಲಿನ ಕಂಬಕ್ಕೆ ತಲೆ ಬಡಿದಿತ್ತಲ್ಲ, ಆಮೇಲೆ ಎಡಗಣ್ಣಿನಲ್ಲಿ ಮಿಂಚು ಹೊಡೆದ ಹಾಗೆ ಆಗುತ್ತಿತ್ತಂತೆ. ಈಗ ಒಂದು ಬದಿಯಿಂದ ಪರದೆ ಇಳಿದ ಹಾಗೆ ಕಪ್ಪು.

"ಅಂಚು ಮಾತ್ರ ಅಜ್ಜಾ. ಸ್ವಲ್ಪ ಮಬ್ಬು. ಕಮ್ಮಿ ಆಗ್ತದೆ."

ನೀರಿನ ಮೇಲೆ ಕಪ್ಪು ಕಂಡಿದ್ದೆ, ಅದು ಮೀನು ಅಂದುಕೊಂಡಿದ್ದೆ. ಅದು ಬಂಡೆ.

"ನಾಳೆನೇ ಡಾಕ್ಟರ ಹತ್ರ ಹೋಗ್ವಾ."

"ಹೋದ್ರೆ ಆಡ್ಬೇಡ ಅಂತಾರೆ. ಶೀಲ್ಡ್ ಮ್ಯಾಚ್ ನೋಡಿಯೇ ಯೂನಿವರ್ಸಿಟಿ ಟೀಮಿಗೆ ತಕಂಬೂದು. ಇದು ನನ್ನ ಕಡೇ ವರ್ಷ ಅಜ್ಜಾ. ಆ ಒಂದು ಮ್ಯಾಚ್ ಆಡಿ, ಮರುದಿನ ನೀ ಹೇಳ್ದಲ್ಲಿ ಬತ್ತೆ. ಆಯಿಗೆ ಹೇಳ್ಬೇಡ, ಟೀಮಿನ ಮಾಸ್ತರಿಗೂ ಹೇಳ್ಬೇಡ. ನನ್ನ ತಲೆ ಮುಟ್ಟಿ ಹೇಳು."

ಕಂಬಕ್ಕೆ ಬಡಿದಿದ್ದ ಅದೇ ತಲೆ. ನಾನು ಕೈ ಇಟ್ಟೆ. ಬುದ್ಧಿ ಇಲ್ಲದವನು ನಾನು.

ಆ ಮಾತನ್ನು ಅಳಿಸಲು ಹೋದೆ. ಅಷ್ಟರಲ್ಲಿ ಅದು ಬೇರೆ ಗುಂಪುಗಳಿಗೆಲ್ಲ ಹೋಗಿ ಆಗಿತ್ತು. ಆಗ ಇನ್ನೊಂದು ತಪ್ಪು ಮಾಡಿದೆ. ಇನ್ನೊಮ್ಮೆ ಫೋನು ಹಿಡಿದು, "ಕಿಶನನ ವಿಷ್ಯ ನಾ ಹೇಳಿದ್ದು ತಪ್ಪು. ಅವಂಗೆ ಎಲ್ಲಾ ಕಡೆ ಸಮಾ ಕಾಣ್ತದೆ" ಅಂದೆ. ಒಂಬತ್ತು ವರ್ಷದಲ್ಲಿ ಒಂದು ದಿನವೂ ತಪ್ಪು ಒಪ್ಪಿಕೊಂಡವನಲ್ಲ ನಾನು. ಮಳೆಯನ್ನು ಬೈದಿದ್ದೇನೆ, ರೆಫರಿಯನ್ನು ಬೈದಿದ್ದೇನೆ. ಅಂಥವನು ಬಂದು ತಪ್ಪಾಯಿತು ಅಂದರೆ ಜನ ಎಂತ ತಿಳಿಯಬೇಕು? ಅನುಮಾನ ಇದ್ದವರಿಗೂ ಖಾತ್ರಿ ಆಯಿತು.

ಹತ್ತು ನಿಮಿಷದೊಳಗೆ ಒಂದು ಉತ್ತರ ಬಂತು. ಕಾರವಾರದ ತಂಡದ ಫಾರ್ವರ್ಡ್ ರವಿಕಿರಣ, ಹಣಕೋಣದ ಹುಡುಗ, ಎತ್ತರದ ಆಳು, ಓಡಲು ಶುರು ಮಾಡಿದರೆ ನಿಲ್ಲಿಸಲು ಗೋಡೆ ಬೇಕು. ಅವನು ಬರೆದದ್ದು ಎರಡೇ ಶಬ್ದ.

ಥ್ಯಾಂಕ್ಸ್ ಅಜ್ಜಾ.

ಆ ಎರಡು ಶಬ್ದ ನೋಡುತ್ತಾ ಎಷ್ಟು ಹೊತ್ತು ಕೂತೆನೋ. ಊಟಕ್ಕೆ ಕರೆದ ಮಂಗಲಾ, "ಮಾವಾ, ಫೋನು ಗುದ್ದಿದ ಹಂಗೆ ಯಾಕೆ ಮುಖ ಮಾಡ್ಕಂಡೀರಿ?" ಅಂದಳು. ತಾರ್ಲೆ ಮೀನಿನ ಸಾರನ್ನು ಅನ್ನಕ್ಕೆ ಕಲಸುತ್ತಾ ಕೂತೆ. ಇವಳಿಗೆ ಹೇಳಿದರೆ ಇವತ್ತೇ ಮಗನನ್ನು ಕಟ್ಟಿಹಾಕುತ್ತಾಳೆ. ಹೇಳದಿದ್ದರೆ? ನನ್ನ ಮಗ ಜಗದೀಶ ಬೋಟಿನ ಜೊತೆ ಸಮುದ್ರದಲ್ಲಿದ್ದ, ಬರಲು ಇನ್ನೂ ತಿಂಗಳು ಇತ್ತು. ಅವನಿಗಾದರೂ ಯಾವ ಮುಖದಿಂದ ಹೇಳಲಿ?

ಸಮಿತಿಯ ಪಟ್ಟಿ ಬಂತು. ಕಾರವಾರ ಮೂರು, ಅಂಕೋಲೆ ನಾಲ್ಕು. ಗುಂಪಿನಲ್ಲಿ ನನಗೆ ನಮಸ್ಕಾರದ ಮೇಲೆ ನಮಸ್ಕಾರ. ಬೇರೆ ವರ್ಷ ಆಗಿದ್ದರೆ ಪೇಟೆಯಲ್ಲಿ ಎರಡು ಸುತ್ತು ಹಾಕಿ ಬರುತ್ತಿದ್ದೆ. ಈ ಸಲ ಫೋನು ಮಗುಚಿಟ್ಟು ಮನೆಯಲ್ಲೇ ಕೂತೆ. ಎದುರಾಳಿ ಯಾರು ಅಂತ ಹೇಳಿದ್ದು ಸರಿಯಾಯಿತು. ಇನ್ನು ಉಳಿದದ್ದು ಗೋಲು. ಅದು ಎಲ್ಲಿಂದ ಬರುತ್ತದೆ ಅಂತಲೂ ನಾನೇ ಹೇಳಿಕೊಟ್ಟಿದ್ದೆ.

ಪಂದ್ಯಕ್ಕೆ ಮೂರು ದಿನ ಇರುವಾಗ ತಡೆಯಲಾಗಲಿಲ್ಲ. ಬಸ್ ಹತ್ತಿ ಮಂಜಗುಣಿಗೆ ಹೋದೆ. ಅಂಕೋಲೆ ತಂಡವನ್ನು ತಯಾರು ಮಾಡುವ ಸತೀಶ ಮಾಸ್ತರು ಇರುವುದು ಅಲ್ಲೇ. ಅಂಗಳದಲ್ಲಿ ಕೂತು ಚೆಂಡಿಗೆ ಗಾಳಿ ಹಾಕುತ್ತಿದ್ದರು. ನನ್ನನ್ನು ಕಂಡದ್ದೇ ಜೋರಾಗಿ ನಕ್ಕರು.

"ಬನ್ನಿ ಬನ್ನಿ ಅಜ್ಜಾ! ಭಾರೀ ಗಾಳ ಹಾಕಿದ್ರಿ ಮಾರಾಯ್ರೇ."

"ಎಂತ ಗಾಳ?"

"ಕಿಶನಂಗೆ ಎಡಗಡೆ ಕಾಣೂದಿಲ್ಲ ಅಂತ! ಕಾರವಾರದವ್ರು ಈಗ ಬರೀ ಆ ಕಡೆಯಿಂದ್ಲೇ ಚೆಂಡು ಹಾಕ್ತ್ರು. ನಾನು ಅಲ್ಲಿ ಇಬ್ರನ್ನ ನಿಲ್ಲಿಸ್ತೆ. ಈ ತಲೆ ನಮ್ಗೂ ಓಡಿರ್ಲಿಲ್ಲ."

ನಾನು ಬಾಯಿ ತೆರೆದೆ. ಅದು ಗಾಳ ಅಲ್ಲ ಮಾಸ್ತರೇ, ಸತ್ಯ. ಇಷ್ಟೇ ಹೇಳಬೇಕಾಗಿದ್ದದ್ದು. ಅಂಗೈಯಲ್ಲಿ ಕಿಶನನ ಕೂದಲು ಇನ್ನೂ ಇದ್ದ ಹಾಗೆ ಅನಿಸಿತು. ಅವರ ಹೆಂಡತಿ ಚಹಾ ತಂದುಕೊಟ್ಟರು. ಕುಡಿದೆ. ಹೊಳೆಯ ನೀರು ಇಳಿದಿದೆ, ಈ ವರ್ಷ ಚಳಿ ಕಮ್ಮಿ ಅಂತ ಏನೇನೋ ಹೇಳಿ ಎದ್ದು ಬಂದೆ. ಹೇಳಬಾರದಲ್ಲಿ ನಾಲ್ಕುನೂರು ಜನರಿಗೆ ಹೇಳಿದವನು, ಹೇಳಬೇಕಾದ ಒಬ್ಬ ಮನುಷ್ಯನ ಮುಂದೆ ಚಳಿಯ ಮಾತಾಡಿ ಬಂದೆ.

ಪಂದ್ಯದ ದಿನ ಮಧ್ಯಾಹ್ನ ನಾಲ್ಕಕ್ಕೆ ಆಟ. ಮೈದಾನದ ಎರಡೂ ಬದಿಗೆ ಮಣ್ಣಿನ ಏರಿ ಇದೆ, ಜನ ಅಲ್ಲೇ ಕೂರುವುದು. ನಾನು ಹಳೆಯ ಪೆಟ್ಟಿಗೆಯಿಂದ ಕೆಂಪು ಪಂಚೆ ತೆಗೆದು ಹೆಗಲ ಮೇಲೆ ಹಾಕಿಕೊಂಡು ಹೋಗಿದ್ದೆ. ಆಟಕ್ಕೆ ಮುಂಚೆ ಕಿಶನನ ಹತ್ತಿರ ಹೋಗಿ ಪಂಚೆಯ ತುದಿ ತೋರಿಸಿದೆ. ಹೆಚ್ಚು ಹೇಳಬೇಕಾಗಲಿಲ್ಲ. ನಾಲ್ಕನೇ ವಯಸ್ಸಿನಿಂದ ನನ್ನ ಜೊತೆ ಗುಡ್ಡ ಹತ್ತಿದವನು ಅವನು.

"ನಾ ನಿನ್ನ ಬಲಗಡೆ ಏರಿ ಮೇಲೆ ನಿಂತ್ಕಂಬೆ. ಬಲಗಣ್ಣಿಗೆ ಕಾಣ್ತದಾ?"

"ಕಾಣ್ತದೆ."

"ಚೆಂಡು ಎಡಗಡೆ ಬಂತು ಅಂದ್ರೆ ಎಡಗೈ."

"ಹೂಂ." ಆಮೇಲೆ ಸ್ವಲ್ಪ ನಕ್ಕ. "ಬಾಯಿ ಮಾತ್ರ ಬಿಡ್ಬೇಡ ಅಜ್ಜಾ."

ಆಟ ಶುರುವಾಯಿತು. ಮಾಸ್ತರು ಎಡಗಡೆ ನಿಲ್ಲಿಸಿದ ಇಬ್ಬರನ್ನು ಕಾರವಾರದವರು ಕಾಲು ಗಂಟೆಯಲ್ಲೇ ದಾಟಿಬಿಟ್ಟರು. ನಾನು ಹೇಳಿಕೊಟ್ಟ ಜಾಗಕ್ಕೇ ಚೆಂಡಿನ ಮೇಲೆ ಚೆಂಡು. ಪ್ರತಿ ಸಲ ಅದರ ಹಿಂದೆ ರವಿಕಿರಣ ತಲೆ ತಗ್ಗಿಸಿಕೊಂಡು ಓಡಿ ಬರುವುದು. ನಾನು ಎಡಗೈ ಎತ್ತುವುದು, ಪಂಚೆ ಹಾರುವುದು, ಕಿಶನ ಕಾಣದ ಚೆಂಡಿಗೆ ತಿರುಗಿ ಎಗರುವುದು. ಪ್ರತಿ ಸಲ ಇಬ್ಬರ ತಲೆಯ ನಡುವೆ ಒಂದು ಗೇಣು. ಗುಡ್ಡದ ಮೇಲೆ ಎಂದೂ ಇಷ್ಟು ಹೆದರಿರಲಿಲ್ಲ. ಅಲ್ಲಿ ತಪ್ಪಿದರೆ ಮೀನು ಹೋಗುತ್ತಿತ್ತು.

ಗೆರೆಯ ಹತ್ತಿರ ಬಾವುಟ ಹಿಡಿದವನು ಬಂದು ಕೇಳಿದ. "ಅಜ್ಜಾ, ಎಂತ ಅದು?"

"ಸೊಳ್ಳೆ ಮಾರಾಯಾ," ಅಂದೆ.

ಅರ್ಧ ಆಟ ಮುಗಿಯಿತು. ಗೋಲಿಲ್ಲ. ಆಗ ನನಗೆ ಹೊಳೆಯಿತು. ಇನ್ನು ತಂಡಗಳು ಬದಿ ಬದಲಿಸುತ್ತವೆ. ಕಿಶನನ ಬಲಗಡೆ ಅಂದರೆ ಆಚೆಯ ಏರಿ. ಕಾರವಾರದ ಜನ ತುಂಬಿದ ಏರಿ.

ಸುತ್ತು ಹಾಕಿ ಅಲ್ಲಿಗೆ ಹೋದೆ. "ಓ ದುರ್ಗಪ್ಪಜ್ಜ! ಗೆಲ್ಲೂ ಕಡೆ ಬಂದ್ರನ!" ಅಂತ ಹುಡುಗರು ಶಿಳ್ಳೆ ಹೊಡೆದರು. ಜಾಗ ಸಿಕ್ಕಿದ್ದು ಸುಗಂಧಾ ಬಾಯಿಯ ಪಕ್ಕ. ಅವಳು ರವಿಕಿರಣನ ತಾಯಿಯ ತಾಯಿ, ಕಾರವಾರದ ಪೇಟೆಯಲ್ಲಿ ಮೀನು ಮಾರುವವಳು, ಅವಳ ಗಂಡನೂ ರಂಪಣಿ ಎಳೆದವನು. ನನ್ನ ಹೆಗಲ ಮೇಲಿನ ಪಂಚೆ ನೋಡಿದಳು, ನನ್ನ ಮುಖ ನೋಡಿದಳು.

"ದುರ್ಗಪ್ಪಾ, ಆಚೆ ಬದಿಗೆ ನೀ ಬೀಸಿದ್ದು ನಾ ಕಂಡೆ."

ನಾನು ಪಂಚೆ ಮುದುಡಿ ಮಡಿಲಲ್ಲಿ ಇಟ್ಟುಕೊಂಡೆ.

"ಹುಡುಗಂಗೆ ಖರೇನೇ ಕಾಣೂದಿಲ್ವಾ?"

ಅವಳು ಕೂಗಿಬಿಟ್ಟರೆ ಮುಗಿಯಿತು, ಅಷ್ಟೂ ಜನ ಅವಳ ಕಡೆಯವರು. ನಾನು ಕೈ ಮುಗಿದೆ. ಅವಳು ಎಲೆ ಅಡಿಕೆ ಬಾಯಿಗೆ ಹಾಕಿಕೊಂಡು ಮೈದಾನದ ಕಡೆ ತಿರುಗಿದಳು.

ಕಡೆಯ ಐದು ನಿಮಿಷ. ಬಿಸಿಲು ಅಡ್ಡ ಬಿದ್ದಿತ್ತು. ಕಾರವಾರದವರು ದೂರದಿಂದ ಒಂದು ಚೆಂಡು ಎತ್ತಿ ಹೊಡೆದರು. ಎತ್ತರ, ಬಹಳ ಎತ್ತರ. ಕಿಶನನ ಎಡಭುಜದ ಹಿಂದೆ ಬೀಳುವ ಚೆಂಡು. ನಾನು ಎಡಗೈ ಎತ್ತಿದೆ. ಅವನು ತಿರುಗಿದ, ಎಗರಲು ಮೊಣಕಾಲು ಬಗ್ಗಿಸಿದ. ಅದೇ ಹೊತ್ತಿಗೆ ರವಿಕಿರಣ ಆ ಕಡೆಯಿಂದ ಬಂದ. ಈ ಸಲ ಒಂದು ಗೇಣಿನ ಅಂತರ ಇರುವ ಹಾಗೆ ನನಗೆ ಕಾಣಲಿಲ್ಲ. ಇಬ್ಬರ ಹಿಂದೆ ಮೂರು ಹೆಜ್ಜೆಯಲ್ಲಿ ಗೋಲಿನ ಕಂಬ.

ನನ್ನ ಎರಡೂ ಕೈ ತಲೆಯ ಮೇಲೆ ಹೋದವು. ಅಡ್ಡಡ್ಡ ಬೀಸಿದೆ. ಬಿಡು, ಬಿಡು.

ಕಿಶನ ಬಿಟ್ಟ. ಬಗ್ಗಿಸಿದ ಮೊಣಕಾಲು ಬಗ್ಗಿಸಿದ ಹಾಗೆಯೇ, ಎರಡೂ ಕೈ ಕೆಳಗೆ, ಹಗ್ಗ ಬಿಟ್ಟವನ ಹಾಗೆ ನಿಂತುಬಿಟ್ಟ. ರವಿಕಿರಣ ಅವನ ಮೈಗೆ ತಾಗದೆ ದಾಟಿ ಹೋಗಿ ಚೆಂಡಿಗೆ ತಲೆ ಕೊಟ್ಟ. ಗೋಲು.

ಏರಿಯೆಲ್ಲ ಎದ್ದು ಕುಣಿಯಿತು. ಯಾರೋ ನನ್ನನ್ನು ತಬ್ಬಿಕೊಂಡು, "ಒಂದು ಗೋಲು ಅಂದಿದ್ರಿ, ಒಂದೇ ಗೋಲು!" ಅಂತ ಕೂಗಿದ. ಕುಣಿಯದೆ ಕೂತವಳು ಸುಗಂಧಾ ಬಾಯಿ ಒಬ್ಬಳೇ.

"ಬಿಡು ಅಂದ್ಯಲ್ಲ. ಎಂತ ಕಂಡೆ ನೀ?"

ನಿಜವಾಗಿ ಇಬ್ಬರೂ ಬಡಿದುಕೊಳ್ಳುತ್ತಿದ್ದರೇ? ಅಥವಾ ಮೂರು ವಾರದ ಹೆದರಿಕೆ ನನ್ನ ಕೈ ಎತ್ತಿಸಿತೇ? ಆಟ ಮುಗಿದ ಮೇಲೆ ರವಿಕಿರಣ ಬೆವರು ಸುರಿಸುತ್ತಾ ನನ್ನ ಹತ್ತಿರ ಬಂದ. ಅಜ್ಜಿ ಅವನಿಗೆ ಏನೋ ಹೇಳಿರಬೇಕು.

"ಅಜ್ಜಾ, ಅವಂಗೆ ಹೊಡೀಬೇಕಂತ ಬರ್ಲಿಲ್ಲ ನಾ. ನಿಂತ್ಕಂತಿದ್ದೆ."

ನಿಲ್ಲುತ್ತಿದ್ದನೋ ಏನೋ. ಒಳ್ಳೆಯ ಮುಖದ ಹುಡುಗ.

ಟೆಂಪೋದಲ್ಲಿ ಕಿಶನ ನನ್ನ ಪಕ್ಕ ಕೂರಲಿಲ್ಲ. ಸತೀಶ ಮಾಸ್ತರು ಎಲ್ಲರ ಎದುರೇ ಅವನನ್ನು ಬೈದಿದ್ದರು, ಕಲ್ಲುಗಂಬದ ಹಾಗೆ ನಿಂತೆಯಲ್ಲ ಅಂತ. ಅವನು ಪಂಚೆಯ ಮಾತು ಎತ್ತಲಿಲ್ಲ, ನನ್ನ ಹೆಸರೂ ಹೇಳಲಿಲ್ಲ. ಯೂನಿವರ್ಸಿಟಿಯಿಂದ ಬಂದಿದ್ದವರು ಪುಸ್ತಕ ಮುಚ್ಚಿ ಜೀಪು ಹತ್ತಿದ್ದನ್ನು ಇಬ್ಬರೂ ನೋಡಿದ್ದೆವು.

ಮನೆಯ ಜಗಲಿಯಲ್ಲಿ ಬೂಟು ಬಿಚ್ಚುತ್ತಾ ಕೇಳಿದ. "ದಡಕ್ಕೆ ಬಂದಾಯ್ತಲ್ಲ ಅಜ್ಜಾ. ಈಗ ಕೇಳ್ತೆ. ಯಾಕೆ ಬಿಡು ಅಂದೆ?"

"ಹೆದ್ರಿಕೆ ಆಯ್ತು ತಮಾ."

ಬೈಯುತ್ತಾನೆ ಅಂದುಕೊಂಡೆ. ಅವನು ಬಲಗಣ್ಣಿನ ಮೇಲೆ ಅಂಗೈ ಇಟ್ಟುಕೊಂಡು ಮುಖ ನನ್ನ ಕಡೆ ತಿರುಗಿಸಿದ. ಎರಡು ಮೊಳ ದೂರದಲ್ಲಿ, ದೀಪದ ಬುಡದಲ್ಲಿ ಕೂತಿದ್ದೆ ನಾನು.

"ನೀ ಎಲ್ಲಿ ಕೂತ್ಕಂಡೀ ಅಜ್ಜಾ?"

ಅವನು ಇನ್ನೊಂದು ಕೈಯಿಂದ ಗಾಳಿಯಲ್ಲಿ ತಡಕಾಡಿದ.

"ಅಂಚು ಮಾತ್ರ ಅಂತ ಸುಳ್ಳು ಹೇಳಿದ್ದೆ. ಹದಿನೈದು ದಿನದಿಂದ ಪೂರಾ ಕಪ್ಪು. ನಂಗೂ ಹೆದ್ರಿಕೆ ಆಗ್ತಿತ್ತು."

ಒಳಗಿನಿಂದ ಮಂಗಲಾ ಬಂದು ಬಾಗಿಲಲ್ಲಿ ನಿಂತಿದ್ದಳು. ಎಷ್ಟು ಹೊತ್ತಿನಿಂದಲೋ. ಅವಳು ಅಳಲೂ ಇಲ್ಲ, ನನ್ನನ್ನು ಬೈಯಲೂ ಇಲ್ಲ. ಮರುದಿನದ ಮೊದಲ ಹುಬ್ಬಳ್ಳಿ ಬಸ್ ಎಷ್ಟಕ್ಕೆ ಅಂತ ಮಾತ್ರ ಕೇಳಿದಳು. ಆಗಿನಿಂದ ನನ್ನ ಜೊತೆ ಮಾತಾಡಿಲ್ಲ.

ಡಾಕ್ಟರು ಕಣ್ಣಿನೊಳಗೆ ದೀಪ ಹಾಕಿ ತುಂಬ ಹೊತ್ತು ನೋಡಿದರು. ಕಣ್ಣಿನ ಹಿಂದಿನ ಪೊರೆ ಬಿಟ್ಟುಕೊಂಡಿದೆಯಂತೆ. ಮೊದಲೇ ಬರಬೇಕಿತ್ತು ಅಂದರು. ಆಪರೇಶನ್ ಮಾಡುತ್ತೇವೆ, ಎಷ್ಟು ದೃಷ್ಟಿ ಬರುತ್ತದೆ ಅಂತ ಈಗ ಹೇಳಲು ಆಗದು. ಇನ್ನೊಂದು ಪೆಟ್ಟು ಬಿದ್ದಿದ್ದರೆ ಏನಾಗುತ್ತಿತ್ತು ಅಂತ ನಾನು ಕೇಳಲಿಲ್ಲ. ಕೇಳಿದರೆ, ಬಿಡು ಅಂದದ್ದೇ ಸರಿ ಅಂತ ನನಗೆ ಸಮಾಧಾನ ಆಗುವ ಉತ್ತರ ಸಿಕ್ಕೀತು ಅನ್ನುವುದೇ ಹೆದರಿಕೆ. ಆ ಮೂರು ವಾರ ಬಾಯಿ ಮುಚ್ಚಿದವನಿಗೆ ಸಮಾಧಾನ ಬೇಡ.

ಇವತ್ತು ಬೆಳಿಗ್ಗೆ ಅವನನ್ನು ಒಳಗೆ ಕರೆಯುವ ಮುಂಚೆ ನಾವಿಬ್ಬರೇ ಈ ಬೆಂಚಿನ ಮೇಲೆ ಕೂತಿದ್ದೆವು. ನನ್ನ ಫೋನು ಟಿಣ್ ಟಿಣ್ ಅನ್ನುತ್ತಲೇ ಇತ್ತು, ಗುಂಪಿನವರು ಯೂನಿವರ್ಸಿಟಿ ಟೀಮಿಗೆ ಯಾರು ಯಾರು ಅಂತ ನನ್ನನ್ನು ಕೇಳುತ್ತಿದ್ದರು. ಕಿಶನ ಆಸ್ಪತ್ರೆಯ ಹಸಿರು ಅಂಗಿ ಹಾಕಿಕೊಂಡು ನನ್ನ ಎಡಬದಿಗೆ ಕೂತಿದ್ದ, ಕಾಣುವ ಕಣ್ಣು ನನ್ನ ಕಡೆ ಇರಲಿ ಅಂತ.

"ಒಂಬತ್ತು ವರ್ಷ ಊರಿಗೆಲ್ಲ ಹೇಳ್ದೆ. ನಂಗೂ ಒಂದು ಹೇಳು ಅಜ್ಜಾ. ಈ ಕಣ್ಣು ಕಾಣ್ತದಾ?"

ನಾಲಿಗೆಯ ತುದಿಗೆ ಬಂದಿತ್ತು. ಕಾಣುತ್ತದೆ ತಮಾ, ಎರಡು ವಾರದಲ್ಲಿ ಸಮಾ ಆಗುತ್ತದೆ. ಹೇಳಿದ್ದರೆ ಅವನು ನಗುತ್ತಾ ಒಳಗೆ ಹೋಗುತ್ತಿದ್ದ. ಹೆಗಲ ಮೇಲೆ ಪಂಚೆ ಇತ್ತು, ಅದರ ತುದಿ ಮುಷ್ಟಿಯಲ್ಲಿ ಹಿಡಿದುಕೊಂಡೆ. ಎಡಗೈ ಎತ್ತಬೇಕೋ ಬಲಗೈ ಎತ್ತಬೇಕೋ ತಿಳಿಯಲಿಲ್ಲ. ಕೆಳಗಿನ ನೀರು ಎಲ್ಲ ಕಡೆ ಒಂದೇ ಬಣ್ಣ.

ನರ್ಸು ಅವನ ಹೆಸರು ಕರೆದಳು. ಅವನು ಪಂಚೆಯ ಇನ್ನೊಂದು ತುದಿ ಹಿಡಿದುಕೊಂಡು ಎದ್ದ, ಬಾಗಿಲವರೆಗೆ ಬಿಡಲಿಲ್ಲ. ಬಾಗಿಲಲ್ಲಿ ನಾನೇ ಬಿಡಿಸಿದೆ.